ಕೊಟ್ಟಿಗೆಯ ದೀಪ, ಕೊಚ್ಚಿಯ ಕಡಲು

ನಮ್ಮ ಅಡುಗೆಮನೆಯ ಗೋಡೆಯ ಮೇಲೆ, ಒಗ್ಗರಣೆಯ ಹೊಗೆಗೆ ಅಂಚು ಕಂದಿದ ಒಂದು ಕ್ಯಾಲೆಂಡರು ತೂಗುತ್ತದೆ. ದಿನಕ್ಕೊಂದು ಹಾಳೆ ಹರಿಯುವ, ಅಂಗೈಯಗಲದ ತಮಿಳು ಕ್ಯಾಲೆಂಡರು. ಬೆಳಗಿನ ಕಾಫಿ ಕುದಿ ಬರುವಷ್ಟರಲ್ಲಿ ನಿನ್ನೆಯ ದಿನವನ್ನು ಪರ್ರೆಂದು ಹರಿದು, ಅದೇ ಹಾಳೆಯಿಂದ ದೋಸೆಕಲ್ಲಿನ ಎಣ್ಣೆ ಒರೆಸಿ ಎಸೆಯುವುದು ನನ್ನ ಮೊದಲ ಕೆಲಸ. ಹಾಗೆ ಹರಿದ ಮೇಲೆ ಮುಖ ತೋರಿಸುವ ಇಂದಿನ ಹಾಳೆಯಲ್ಲಿ ತಾರೀಖಿಗಿಂತ ದೊಡ್ಡ ಸಂಗತಿಗಳಿರುತ್ತವೆ. ರಾಹುಕಾಲ ಯಾವಾಗ, ಒಳ್ಳೆಯ ಹೊತ್ತು ಯಾವುದು, ಆ ದಿನದ ಶೂಲ ಯಾವ ದಿಕ್ಕಿಗೆ ಎಂಬುದೆಲ್ಲ ಅಲ್ಲಿದೆ. ಶೂಲವಿರುವ ದಿಕ್ಕಿಗೆ ಆ ದಿನ ಪ್ರಯಾಣ ಹೊರಡುವಂತಿಲ್ಲ. ನೀವು ನಗುವವರಾದರೆ ಈಗಲೇ ನಕ್ಕು ಮುಗಿಸಿಬಿಡಿ, ಗೆಳೆಯರೇ. ಯಾಕೆಂದರೆ ನಮ್ಮ ಸಂಸಾರ ಯಾವ ಊರಿನ ಕಡಲು ನೋಡಬೇಕೆಂದು ತೀರ್ಮಾನ ಮಾಡಿದ್ದು ಈ ಕ್ಯಾಲೆಂಡರೇ.

ನಾನು ಹುಟ್ಟಿದ್ದು ಕೊಂಬೈಯಲ್ಲಿ, ಸೊಸೆಯಾಗಿ ಬಂದದ್ದು ಹನುಮಂತನಪಟ್ಟಿಗೆ. ಎರಡೂ ಕಂಬಂ ಕಣಿವೆಯ ಊರುಗಳೇ. ಒಂದೇ ಬೆಟ್ಟದ ನೆರಳು ಎರಡಕ್ಕೂ ಬೀಳುತ್ತದೆ. ಕೊಂಬೈಗೆ ಹೆಸರು ಬಂದಿರುವುದು ಅಲ್ಲಿನ ನಾಯಿಗಳಿಂದ, ಹಿಡಿದರೆ ಬಿಡದ ಕೆಂಚು ನಾಯಿಗಳು. ನಾನು ಒಂದು ವಿಷಯವನ್ನು ಹಿಡಿದುಕೊಂಡು ಜಗ್ಗತೊಡಗಿದಾಗಲೆಲ್ಲ ನಮ್ಮ ಮನೆಯವರು ನನ್ನ ತವರನ್ನು ನೆನಪಿಸಿ ನಗುತ್ತಾರೆ, ನಾನೂ ಅವರಿಗೆ ತಕ್ಕ ಉತ್ತರ ಕೊಡುತ್ತೇನೆ. ತಲೆತಲಾಂತರದಿಂದ ತಮಿಳು ನೆಲದಲ್ಲಿ ಬೇಸಾಯ ಮಾಡಿಕೊಂಡು, ಮನೆಯೊಳಗೆ ಮಾತ್ರ ಕನ್ನಡ ಆಡಿಕೊಂಡು ಬಂದ ಜನ ನಾವು. ಬರೆಯುವ ಕನ್ನಡ ನನಗೆ ಸಿಕ್ಕಿದ್ದು ಅಪ್ಪನಿಂದ. ದ್ರಾಕ್ಷಿಯ ಲಾರಿಯ ಜೊತೆ ಬೆಂಗಳೂರಿಗೆ ಹೋಗಿ ಬರುತ್ತಿದ್ದ ಅವರು ಒಮ್ಮೆ ಅಕ್ಷರಮಾಲೆಯ ಚಿತ್ರಪಟ ತಂದು ನನ್ನ ಮುಂದೆ ಹರಡಿದರು. ಅಲ್ಲಿಂದ ಹತ್ತಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಊರಿನ ಶಾಲೆಯಲ್ಲಿ ನಾನು ಮಕ್ಕಳಿಗೆ ಸಮಾಜ ಪಾಠ ಹೇಳುತ್ತೇನೆ. ನಮ್ಮ ದೇಶಕ್ಕೆ ಮೂರು ಕಡೆ ಕಡಲು ಎಂದು ವರ್ಷವರ್ಷವೂ ಗೋಡೆಯ ನಕಾಶೆಯ ಮೇಲೆ ಕೋಲಿಟ್ಟು ತೋರಿಸಿದ ಈ ಟೀಚರಮ್ಮ ಮೂರರಲ್ಲಿ ಒಂದನ್ನಾದರೂ ಕಣ್ಣಾರೆ ಕಂಡಿರಲಿಲ್ಲ. ಕಾಣದಿರುವುದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಹೊರಡೋಣ ಎಂದಾಗಲೆಲ್ಲ ಹಸು ಈಯುತ್ತಿತ್ತು, ಇಲ್ಲವೇ ಬಳ್ಳಿ ಹೂವಿಗೆ ಬರುತ್ತಿತ್ತು, ಇಲ್ಲವೇ ಯಾರದೋ ಮನೆಯಲ್ಲಿ ಮದುವೆ. ಪಟ್ಟಣದವರು ವಾರಾಂತ್ಯ ಎಂಬ ಮಾತನ್ನು ಬಾಯಿಗೆ ಸಿಹಿ ಹಾಕಿಕೊಂಡವರಂತೆ ಆಡುತ್ತಾರಲ್ಲ, ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಆ ಮಾತಿಗೆ ಕೂರಲು ಜಾಗವೇ ಇಲ್ಲ. ವಾರ ನಮ್ಮಲ್ಲಿ ಮುಗಿಯುವುದಿಲ್ಲ, ಹಾಳೆ ಮಾತ್ರ ಹರಿಯುತ್ತದೆ. ಬಳ್ಳಿಗೆ ಭಾನುವಾರ ಗೊತ್ತಿಲ್ಲ. ಹಸುವಿಗಂತೂ ಅದನ್ನು ತಿಳಿಸಿ ಹೇಳುವುದು ಯಾರಿಂದಲೂ ಆಗದ ಕೆಲಸ.

ಆದರೆ ಬಳ್ಳಿಗೂ ಒಂದು ಬಿಡುವು ಉಂಟು. ಗೊನೆ ಕೊಯ್ದ ಮೇಲೆ, ಮುಂದಿನ ಬೆಳೆಗೆ ಬಳ್ಳಿಯನ್ನು ಸವರಿ ಕತ್ತರಿಸುವುದಕ್ಕೆ ಮುಂಚೆ, ಕೆಲವು ದಿನ ಅದನ್ನು ಅದರ ಪಾಡಿಗೆ ಬಿಡಬೇಕು. ಆಗ ಔಷಧಿ ಹೊಡೆಯುವುದಿಲ್ಲ, ಕಟ್ಟುವುದಿಲ್ಲ, ಬಿಚ್ಚುವುದಿಲ್ಲ. ಹೋದ ವರ್ಷ ಆ ಬಿಡುವೂ ನನ್ನ ಶಾಲೆಯ ರಜೆಯೂ ಮಗಳು ಭುವನಾಳ ಪರೀಕ್ಷೆ ಮುಗಿದದ್ದೂ ಒಂದೇ ವಾರಕ್ಕೆ ಬಂದು ಕೂಡಿದವು. ಇಂಥ ಕೂಟ ಮತ್ತೆ ಬರುವುದು ಯಾವಾಗಲೋ ಎಂದು ನಾನು ತಕ್ಷಣ ಗಟ್ಟಿಯಾಗಿ ಹಿಡಿದೆ. ಶನಿವಾರ ಹೊರಟು ಒಂದು ರಾತ್ರಿ ಉಳಿದು ಭಾನುವಾರ ಮರಳುವುದು, ಹಡಗು ಬಂದು ನಿಲ್ಲುವ ಒಂದು ಊರನ್ನು ನೋಡುವುದು, ಇಷ್ಟೇ ನನ್ನ ಆಸೆ.

ಎಲ್ಲರೂ ಮೊದಲು ಹೇಳಿದ್ದು ತೂತುಕುಡಿ. ಅಲ್ಲಿನ ಗೋಡಂಬಿ ಮ್ಯಾಕರೂನ್ ಎಂಬ ಸಿಹಿತಿಂಡಿಯ ಆಸೆಗೆ ಭುವನಾ ಆಗಲೇ ಚಪ್ಪಾಳೆ ತಟ್ಟಿದ್ದಳು. ಆದರೆ ಶನಿವಾರ ಶೂಲವಿರುವುದು ಮೂಡಣಕ್ಕೆ, ತೂತುಕುಡಿಗೆ ಹೋಗುವ ದಾರಿ ಹಿಡಿಯುವುದೂ ಮೂಡಣಕ್ಕೆ. ಬೆಲ್ಲ ತಿಂದು ಹೊರಟರೆ ದೋಷವಿಲ್ಲವೆಂದು ಮನೆಯವರು ಪರಿಹಾರ ಹೇಳಿದರು. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಕ್ಯಾಲೆಂಡರಿನ ಹಾಳೆಗಳನ್ನು ಮುಂದಕ್ಕೆ ಎತ್ತಿ ಎತ್ತಿ ನೋಡಿದೆ. ಶನಿವಾರ ಪಡುವಣಕ್ಕೆ ಹೋಗಬಹುದು, ಭಾನುವಾರ ಮೂಡಣಕ್ಕೆ ಬರಬಹುದು. ಪಡುವಣಕ್ಕೆ ಏನಿದೆ? ನಮ್ಮ ಕಣಿವೆಯ ಗೋಡೆಯಾಗಿ ನಿಂತಿರುವ ಬೆಟ್ಟವಿದೆ. ಬೆಟ್ಟದ ಆಚೆ ಮಲಯಾಳದ ನಾಡು, ಅದರ ಕೊನೆಯಲ್ಲಿ ಕೊಚ್ಚಿ. ನಕಾಶೆಯ ಮೇಲೆ ಬೆರಳಿಟ್ಟಾಗ ನನ್ನ ಮೈ ಜುಮ್ಮೆಂದಿತು, ಯಾಕೆಂದು ಹೇಳುತ್ತೇನೆ ಕೇಳಿ.

ನಮ್ಮ ಗದ್ದೆಗೂ ತೋಟಕ್ಕೂ ಬರುವ ಪೆರಿಯಾರಿನ ನೀರು ನಮ್ಮ ಕಡೆಗೆ ಹರಿಯಬೇಕಾದದ್ದೇ ಅಲ್ಲ. ಬೆಟ್ಟದ ಆಚೆ ಹುಟ್ಟಿ, ಆಚೆಯೇ ಇಳಿದು, ಪಡುವಣ ಕಡಲನ್ನು ಸೇರಬೇಕಿದ್ದ ಹೊಳೆ ಅದು. ನಮ್ಮ ಮುತ್ತಾತಂದಿರ ಕಾಲದಲ್ಲಿ ಅದಕ್ಕೆ ಅಡ್ಡಲಾಗಿ ಅಣೆಕಟ್ಟು ಕಟ್ಟಿ, ಬೆಟ್ಟದ ಹೊಟ್ಟೆಯನ್ನು ಕೊರೆದು, ನೀರನ್ನು ಮೂಡಣಕ್ಕೆ ತಿರುಗಿಸಿದರು. ಈಗ ನಾವು ಉಣ್ಣುವ ಅನ್ನ, ಮಾರುವ ದ್ರಾಕ್ಷಿ, ಬೆಳಗಿನ ಕಾಫಿಯ ಹಾಲು, ಎಲ್ಲವೂ ದಾರಿ ಬದಲಿಸಿದ ಆ ನೀರಿನಿಂದ ಆದದ್ದು. ತಿರುಗದೆ ಉಳಿದ ಪಾಲು ತನ್ನ ಹಳೆಯ ದಾರಿಯಲ್ಲೇ ಇಳಿದು ಕೊಚ್ಚಿಯ ಬಳಿ ಕಡಲಿಗೆ ಸೇರುತ್ತದೆ. ನಮ್ಮ ಕೊಡದ ನೀರಿನ ಒಡಹುಟ್ಟು ಕಡಲನ್ನು ಮುಟ್ಟುವ ಊರು ಅದು. ಒಂದು ಹೊಳೆ ಇಬ್ಭಾಗವಾಗಿ, ಒಂದು ಭಾಗ ಬಳ್ಳಿಯೊಳಗೆ ಹತ್ತಿ ಹಣ್ಣಾಗುತ್ತದೆ, ಇನ್ನೊಂದು ಭಾಗ ಹಡಗುಗಳ ಅಡಿಗೆ ಹೋಗಿ ನಿಲ್ಲುತ್ತದೆ.

ಇದನ್ನೆಲ್ಲ ನಾನು ಅತ್ತೆಗೆ ಹೇಳಿದೆ. ಅತ್ತೆಗೆ ಎಪ್ಪತ್ತು ದಾಟಿದೆ. ಮೊಣಕಾಲು ವರ್ಷದಿಂದ ವರ್ಷಕ್ಕೆ ಹಟ ಮಾಡುತ್ತಿದೆ. ಅವರು ಅಕ್ಕಿ ಆರಿಸುತ್ತ, ತಲೆ ಎತ್ತದೆ, ಕಡಲು ತಮಗೆ ಗೊತ್ತಿರುವುದು ಉಪ್ಪು ಮತ್ತು ಒಣಮೀನಾಗಿ ಮಾತ್ರ ಎಂದರು. ಆಮೇಲೆ, ತಮಗೇ ಹೇಳಿಕೊಳ್ಳುವವರಂತೆ ಮೆಲ್ಲಗೆ ಅಂದರು: "ಉಪ್ಪು ಬರೋ ಆ ಎಡೇನ ಒಂದು ಸಲಿ ಕಣ್ಣಿಂದ ನೋಡಿದ್ರೆ ಸಾಕು ತಾಯಿ, ಆಮ್ಯಾಕೆ ಈ ಕಾಲು ಏನಾದ್ರೂ ಆಗ್ಲಿ." ಎಡೆ ಎಂದರೆ ಜಾಗ, ತಾಯಿ ಎಂದು ಅವರು ಕರೆಯುವುದು ನನ್ನನ್ನು. ಇಷ್ಟು ವರ್ಷದಲ್ಲಿ ಅತ್ತೆ ತಮಗಾಗಿ ಏನನ್ನಾದರೂ ಬೇಕೆಂದದ್ದನ್ನು ನಾನು ಕೇಳಿರಲಿಲ್ಲ. ಬಾಯಿ ತಪ್ಪಿ ಬಂದ ಮಾತು ಅದು ಎಂದು ಅವರ ಮುಖವೇ ಹೇಳುತ್ತಿತ್ತು, ಮರುಕ್ಷಣವೇ ಎದ್ದು ಹೋದರು.

ಎದ್ದು ಹೋದದ್ದು ಕೊಟ್ಟಿಗೆಗೆ. ಅಲ್ಲೇ ಇದ್ದದ್ದು ತೊಡಕು.

ನಮ್ಮ ಮನೆತನದಲ್ಲಿ ಒಂದು ನಡಾವಳಿ ಇದೆ. ಸಂಜೆ ಬೆಟ್ಟದ ಹಿಂದೆ ಹೊತ್ತು ಇಳಿದ ಕೂಡಲೇ ಮನೆಯ ಹಿರಿಯ ಹೆಣ್ಣು ಎಳ್ಳೆಣ್ಣೆಯ ಹಣತೆ ಹಚ್ಚಿಕೊಂಡು ಕೊಟ್ಟಿಗೆಗೆ ಹೋಗಬೇಕು. ಒಂದೊಂದು ದನದ ಹತ್ತಿರವೂ ನಿಂತು, ಹೆಸರಿಟ್ಟು ಕರೆದು, ನಮ್ಮ ಮಾತಿನಲ್ಲಿ, "ಇರುಳಾತು, ಒರಗ್ರಿ, ನಾವಿದ್ದೀವಿ" ಎನ್ನಬೇಕು. ಇರುಳಾಯಿತು, ಮಲಗಿ, ನಾವಿದ್ದೇವೆ ಎಂದು ಅರ್ಥ. ಹಾಡಿಲ್ಲ, ಮಂತ್ರವಿಲ್ಲ, ಕೈಮುಗಿಯುವುದೂ ಇಲ್ಲ. ನಮ್ಮ ಪೂರ್ವಿಕರು ಬಡಗಣದಿಂದ ದನಗಳನ್ನು ಹೊಡೆದುಕೊಂಡು ಗೊತ್ತಿಲ್ಲದ ಕಾಡುಗಳಲ್ಲಿ ನಡೆದು ಬರುತ್ತಿದ್ದಾಗ, ಇರುಳಿಗೆ ಹೆದರಿ ದನಗಳು ಚದುರದಿರಲೆಂದು ಒಬ್ಬ ಹೆಂಗಸು ದೀಪ ಹಿಡಿದು ಮಂದೆಯ ನಡುವೆ ಹೀಗೆ ಹೇಳುತ್ತ ಓಡಾಡುತ್ತಿದ್ದಳಂತೆ. ನಡಿಗೆ ನಿಂತು ಎಷ್ಟೋ ಕಾಲವಾಗಿದೆ, ಆ ಹೆಂಗಸಿನ ಓಡಾಟ ಮಾತ್ರ ನಮ್ಮ ಕೊಟ್ಟಿಗೆಯಲ್ಲಿ ಇನ್ನೂ ನಿಂತಿಲ್ಲ.

ಇದಕ್ಕೆ ಎರಡು ಕಟ್ಟುಗಳುಂಟು. ದೀಪ ಹಿಡಿದವಳು ಹೊತ್ತು ಮುಳುಗುವಾಗ ಮನೆಯಲ್ಲೇ ಇರಬೇಕು. ಬೇರೆ ಊರಿನಲ್ಲಿ ಇರುಳು ಕಳೆಯುವ ಹಾಗಿಲ್ಲ. ಮತ್ತೆ, ದೀಪವನ್ನು ಒಮ್ಮೆ ಸೊಸೆಯ ಕೈಗೆ ಕೊಟ್ಟರೆ ಕೊಟ್ಟಾಯಿತು, ಮರಳಿ ತೆಗೆದುಕೊಳ್ಳುವಂತಿಲ್ಲ, ಯಾಕೆಂದರೆ ದನಗಳಿಗೆ ಎರಡು ದನಿಯಾಗಬಾರದು. ಅತ್ತೆಗೆ ಅವರ ಅತ್ತೆ ದೀಪ ಕೊಟ್ಟದ್ದು ಹಾಸಿಗೆಯಿಂದ ಏಳಲಾಗದ ಕಾಲಕ್ಕೆ. ಅಂದಿನಿಂದ ಅತ್ತೆ ಒಂದು ರಾತ್ರಿಯೂ ಊರ ಹೊರಗೆ ಮಲಗಿದವರಲ್ಲ. ಸ್ವಂತ ತಂಗಿಯ ಮಗಳ ಮದುವೆಗೆ ವೇದಸಂದೂರಿಗೆ ಹೋದವರು ಧಾರೆ ಮುಗಿಯುತ್ತಲೇ ಊಟ ಬಿಟ್ಟು ಬಸ್ಸು ಹತ್ತಿದ್ದರು. ಹೆಣ್ಣುಮಗಳನ್ನು ಕಟ್ಟಿಹಾಕುವ ಹಗ್ಗ ಯಾವಾಗಲೂ ಹಗ್ಗದಂತೆಯೇ ಕಾಣಬೇಕೆಂದಿಲ್ಲ ಎಂದು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಗೊಣಗಿದ್ದೇನೆ. ಆದರೆ ಸಂಜೆ ಕೊಟ್ಟಿಗೆಯಿಂದ ಅತ್ತೆಯ ದನಿ ಕೇಳಿಬರುವಾಗ ಆ ಗೊಣಗಾಟ ತಾನೇ ಅಡಗುತ್ತಿತ್ತು ಎನ್ನುವುದೂ ನಿಜ.

ಹಾಗಾಗಿ ನಮ್ಮ ಯೋಜನೆಯ ಮುಂದಿದ್ದ ಪ್ರಶ್ನೆ ಕಾರಿನದಲ್ಲ, ಹೋಟೆಲಿನದಲ್ಲ. ಅತ್ತೆ ಬರುವುದು ಹೇಗೆ? "ನೀವು ಓಗಿ ಬರ್ರಿ, ನಾ ಬಂದ್ರೆ ಸಂಜೆಗೆ ಅವಕ್ಕೆ ಯಾರು ಯೋಳ್ತಾರೆ?" ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದರು. ಒಂದು ದಿನ ತಾನೇ ಹಿಡಿಯುತ್ತೇನೆಂದು ನಮ್ಮ ಮನೆಯವರು ಮುಂದೆ ಬಂದರು. ಅವರ ಗಂಟಲು ಎತ್ತುಗಳನ್ನು ಎಬ್ಬಿಸುವ ಗಂಟಲು, ಮಲಗಿದವೂ ಎದ್ದು ನಿಲ್ಲುತ್ತವೆ ಎಂದು ಅತ್ತೆ ನಕ್ಕರು. ಭುವನಾಳ ಕೈಗೆ ಕೊಡುವಂತಿಲ್ಲ, ಅವಳು ನಾಳೆ ಇನ್ನೊಂದು ಮನೆ ಸೇರುವವಳು. ಅಲ್ಲದೆ ನಮ್ಮ ಮಾತು ಅವಳಿಗೆ ಕಿವಿಯಲ್ಲಿದೆಯೇ ಹೊರತು ನಾಲಿಗೆಗೆ ಇಳಿದಿಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ.

ಆದರೆ ಈ ಕಾಲದ ಹುಡುಗಿ ಸುಮ್ಮನಿರುತ್ತಾಳೆಯೇ? ಅಪ್ಪತ್ತಾ, ಅಂದರೆ ಅವಳ ಅಪ್ಪನ ತಾಯಿ, ಕೊಚ್ಚಿಯಿಂದಲೇ ಫೋನಿನಲ್ಲಿ ಮಾತಾಡಲಿ, ಪಕ್ಕದ ಮನೆಯವರು ಫೋನನ್ನು ಕೊಟ್ಟಿಗೆಯಲ್ಲಿ ಹಿಡಿದರಾಯಿತು ಎಂದಳು. ಅದನ್ನು ಪರೀಕ್ಷಿಸಿಯೂ ನೋಡಿದೆವು. ಅತ್ತೆಯನ್ನು ನಡುಮನೆಯಲ್ಲಿ ಕೂರಿಸಿ ಅವರ ಕೈಗೊಂದು ಫೋನು ಕೊಟ್ಟು, ಭುವನಾ ಇನ್ನೊಂದನ್ನು ಕೆಂಪಿ ಎಂಬ ನಮ್ಮ ಹಿರಿಯ ಹಸುವಿನ ಮುಂದೆ ಹಿಡಿದಳು. ದನಿ ಬಂದದ್ದೇ ಕೆಂಪಿ ಕಿವಿ ನಿಮಿರಿಸಿತು, ಫೋನನ್ನು ಮೂಸಿತು, ಆಮೇಲೆ ಬಾಗಿಲ ಕಡೆ ನೋಡಿತು. ಯಾರೂ ಬರಲಿಲ್ಲ. ಮತ್ತೆ ಫೋನನ್ನು ಮೂಸಿ, ಮತ್ತೆ ಬಾಗಿಲ ಕಡೆ ನೋಡಿ, ಕೊನೆಗೆ ಹಗ್ಗ ಜಗ್ಗಿ ಕೂಗತೊಡಗಿತು. ನಾವು ನಗುತ್ತ ಒಳಗೆ ಬಂದರೆ ಅತ್ತೆ ನಗುತ್ತಿರಲಿಲ್ಲ. ಅವರು ನನ್ನ ಕಡೆ ತಿರುಗಿ ಹೇಳಿದ ಮಾತು ಇದು: "ಇಲ್ಲದ ಎಡೆಯಿಂದ ಇದ್ದೀವಿ ಅನ್ನೋದು ಸುಳ್ಳು ತಾಯಿ. ದನಕ್ಕೆ ಸುಳ್ಳು ಯೋಳಬಾರದು."

ನಾನು ಆ ರಾತ್ರಿ ಬಹಳ ಸಿಟ್ಟಿನಲ್ಲಿದ್ದೆ. ಯಾರ ಮೇಲೆ ಎಂದು ಕೇಳಬೇಡಿ. ಕ್ಯಾಲೆಂಡರಿನ ಮೇಲೆ, ಕೆಂಪಿಯ ಮೇಲೆ, ಕಾಡಿನಲ್ಲಿ ದೀಪ ಹಿಡಿದು ನಡೆದ ಆ ಹೆಂಗಸಿನ ಮೇಲೆ. ಯಾಕೆಂದರೆ ದಾರಿ ಒಂದೇ ಉಳಿದಿದೆ ಎಂದು ನನಗೆ ಗೊತ್ತಾಗಿತ್ತು, ಆ ದಾರಿಯಲ್ಲಿ ನಾನು ಕಡಲಿಗೆ ಹೋಗುವುದಿಲ್ಲ ಎಂದೂ ಗೊತ್ತಾಗಿತ್ತು. ದೀಪ ನನ್ನ ಕೈಗೆ ಬಂದರೆ ಅತ್ತೆ ಹೋಗಬಹುದು. ನಾನು ಉಳಿಯಬೇಕು, ಈ ವಾರ ಮಾತ್ರವಲ್ಲ, ಮುಂದಿನ ಎಲ್ಲ ವಾರಗಳೂ. ಅತ್ತೆ ಹೋಗದಿದ್ದರೆ ನಾನು ಕಡಲು ನೋಡಿ ಬರುತ್ತೇನೆ, ಆದರೆ ಅಕ್ಕಿ ಆರಿಸುತ್ತ ಬಾಯಿ ತಪ್ಪಿದ ಆ ಮಾತನ್ನು ಕೇಳಿಸಿಕೊಂಡ ಕಿವಿಯನ್ನು ಎಲ್ಲಿ ಇಟ್ಟು ಹೋಗಲಿ? ಒಂದು ಮನೆಯಲ್ಲಿ ಇಬ್ಬರು ಹೆಂಗಸರು, ಇಬ್ಬರೂ ಕಡಲು ಕಾಣದವರು, ಇಬ್ಬರ ನಡುವೆ ಒಂದೇ ಹಣತೆ.

ಮಾರನೆಯ ಸಂಜೆ ಅತ್ತೆ ಬತ್ತಿ ಹೊಸೆಯುತ್ತಿದ್ದಾಗ ಹೋಗಿ ಪಕ್ಕದಲ್ಲಿ ಕೂತೆ. ದೀಪ ನನಗೆ ಕೊಡಿ ಅತ್ತೆ, ಎಂದೆ. ಅವರು ಹೊಸೆಯುತ್ತಿದ್ದ ಬತ್ತಿಯನ್ನು ಕೆಳಗಿಟ್ಟರು. ಕೊಟ್ಟ ಮೇಲೆ ಮರಳಿ ಬರುವುದಿಲ್ಲ ಎಂಬುದು ನಿನಗೆ ಗೊತ್ತಲ್ಲ ಎಂದರು; ಗೊತ್ತು ಎಂದೆ. ಆಗ ಅವರ ಕಣ್ಣಿನಲ್ಲಿ ಕಂಡದ್ದು ಬರೀ ಸಂತೋಷವಾಗಿರಲಿಲ್ಲ. ತಾವಿನ್ನು ಹಿರಿಯ ಹೆಣ್ಣಲ್ಲ, ಬರೀ ವಯಸ್ಸಾದವಳು ಎಂದು ಯಾರೋ ಹೇಳಿದಂತೆ ಒಂದು ಕ್ಷಣ ಅವರ ಮುಖ ಚಿಕ್ಕದಾಯಿತು. ಆಮೇಲೆ ಬತ್ತಿಗೆ ಎಣ್ಣೆ ಹೊಯ್ದು, ಹಚ್ಚಿ, ನನ್ನ ಕೈಯಲ್ಲಿಟ್ಟರು. ಆ ದಿನ ಅವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತರು, ನಾನು ಒಳಗೆ ಹೋದೆ.

ಶನಿವಾರ ನಸುಕಿನಲ್ಲಿ ಕಾರು ಹೊರಟಿತು. ಇಡ್ಲಿ, ಪುಡಿ, ಮೊಸರನ್ನದ ಡಬ್ಬಿ, ಅತ್ತೆಯ ಮೊಣಕಾಲಿನ ತೈಲ, ಎಲ್ಲವನ್ನೂ ಕಟ್ಟಿ ಕಳಿಸಿದೆ. ಕಡಲ ದಡದಲ್ಲಿ ಹಿಮ್ಮಡಿ ಊರಿ ನಡೆಯಬೇಡಿ, ಅಲೆ ಬಂದಾಗ ಭುವನಾಳ ಕೈ ಬಿಡಬೇಡಿ ಎಂದು ಕಡಲನ್ನೇ ಕಾಣದ ನಾನು ಬುದ್ಧಿ ಹೇಳಿದೆ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಜಗಲಿಯ ಮೇಲೆ ಕೂತು ನಾನು ಒಂದಿಷ್ಟು ಕಣ್ಣೀರು ಹಾಕಿದೆ. ನೋಡುವವರು ಯಾರೂ ಇರಲಿಲ್ಲ, ಹಾಗಾಗಿ ಬೇಗ ಮುಗಿಯಿತು. ಹಗಲೆಲ್ಲ ಮನಸ್ಸು ಅವರ ಜೊತೆಗೇ ಓಡಿತು. ಈಗ ಕುಮಳಿಯ ಘಾಟಿ ಏರಿರಬಹುದು, ಈಗ ಚಹಾತೋಟ, ಈಗ ವಂಡಿಪೆರಿಯಾರಿನಲ್ಲಿ ಸೇತುವೆಯ ಕೆಳಗೆ ನಮ್ಮ ಹೊಳೆಯ ತಿರುಗದ ಪಾಲು, ಈಗ ರಬ್ಬರ್ ಮರಗಳ ನೆರಳು. ನಕಾಶೆ ಓದಬಲ್ಲವಳಿಗೆ ಇದೊಂದು ಶಿಕ್ಷೆ, ಹೋಗದ ದಾರಿಯೂ ಕಣ್ಣಿಗೆ ಕಟ್ಟುತ್ತದೆ.

ಸಂಜೆಯಾಯಿತು. ಹಣತೆ ಹಿಡಿದು ಕೊಟ್ಟಿಗೆಗೆ ಹೋದೆ. ಹಿಂದಿನ ದಿನಗಳಲ್ಲಿ ಬಾಗಿಲಲ್ಲಿ ಅತ್ತೆ ಇದ್ದರು, ಇಂದು ನಾನೊಬ್ಬಳೇ. ಕೆಂಪಿ ನನ್ನ ಹಿಂದೆ ಬಾಗಿಲ ಕಡೆ ನೋಡಿತು, ಅಲ್ಲಿ ಯಾರೂ ಇಲ್ಲವೆಂದು ತಿಳಿದ ಮೇಲೆ ನನ್ನ ಕಡೆ ನೋಡಿತು. ಅದರ ಕಣ್ಣಿನಲ್ಲಿ ನನ್ನ ದೀಪ ಸಣ್ಣದಾಗಿ ಉರಿಯುತ್ತಿತ್ತು. ನಾನು ಹೆಸರು ಹಿಡಿದು ಕರೆದು, ಇರುಳಾತು, ಒರಗ್ರಿ, ನಾವಿದ್ದೀವಿ ಎಂದೆ. ಗೆಳೆಯರೇ, ಆಗ ನನಗಾದದ್ದನ್ನು ಹೇಗೆ ಹೇಳಲಿ? ನಾವು ಎಂದು ಬಾಯಲ್ಲಿ ಬಂತು, ನಿಂತಿದ್ದವಳು ನಾನೊಬ್ಬಳು. ಆದರೂ ಸುಳ್ಳು ಹೇಳಿದ ಹಾಗೆ ಅನ್ನಿಸಲಿಲ್ಲ. ಅತ್ತೆ, ಅವರ ಅತ್ತೆ, ಅವರಿಗೂ ಹಿಂದೆ ಹೆಸರು ತಿಳಿಯದ ಎಷ್ಟೋ ಹೆಂಗಸರು, ಕಾಡಿನ ಕತ್ತಲಲ್ಲಿ ಮಂದೆಯ ನಡುವೆ ಕಾಲೆಳೆದು ನಡೆದವಳು, ಎಲ್ಲರೂ ಇದೇ ಮಾತನ್ನು ಆಡಿ ಆಡಿ ಸವೆಸಿ ನನ್ನ ನಾಲಿಗೆಗೆ ತಂದಿಟ್ಟಿದ್ದರು. ಒಂದು ಭಾಷೆ ನೂರಾರು ವರ್ಷ ತನ್ನ ನಾಡಿನಿಂದ ದೂರವಾಗಿಯೂ ಸಾಯದೆ ಉಳಿಯುವುದು ಗ್ರಂಥಗಳಲ್ಲಿ ಎಂದುಕೊಂಡಿದ್ದೆ. ದನಗಳು ಒಂದೊಂದಾಗಿ ಮೊಣಕಾಲು ಮಡಿಸಿ ಕೂತವು, ಅವುಗಳ ಬಿಸಿಯುಸಿರಿನ ನಡುವೆ ಹಾದು ನಾನು ಹೊರಗೆ ಬಂದೆ.

ಅಂಗಳಕ್ಕೆ ಬರುವಷ್ಟರಲ್ಲಿ ಮನೆಯವರ ಫೋನು ಬಂತು. ಅವರು ಹೆಚ್ಚು ಮಾತಾಡಲಿಲ್ಲ; ಕೇಳು ಎಂದು ಫೋನನ್ನು ನೀರಿನ ಕಡೆ ಹಿಡಿದರು. ಮೊದಲು ಗಾಳಿಯೆಂದುಕೊಂಡೆ. ಆಮೇಲೆ ಆ ದನಿ ಏಳುವುದೂ ಬೀಳುವುದೂ ಕಿವಿಗೆ ತಿಳಿಯಿತು. ಕಂಬಂ ಕಣಿವೆಯ ಒಂದು ಅಂಗಳದಲ್ಲಿ, ಸೆರಗಿಗೆ ಸಗಣಿ ಮೆತ್ತಿಕೊಂಡು ನಿಂತು ನಾನು ಕಡಲನ್ನು ಕೇಳಿದೆ. ಅತ್ತೆ ಏನು ಮಾಡುತ್ತಿದ್ದಾರೆ ಎಂದೆ. ದಡದ ಕಲ್ಲಿನ ಮೇಲೆ ಕೂತಿದ್ದಾರೆ, ಎರಡು ತಾಸಿನಿಂದ ಎದ್ದಿಲ್ಲ ಎಂದರು.

ಭಾನುವಾರ ಹೊತ್ತು ಬೆಟ್ಟಕ್ಕೆ ತಾಗುವಾಗ ಕಾರು ಬಂದು ನಿಂತಿತು. ನಾನಾಗಲೇ ಹಣತೆ ಹಚ್ಚಿ ಕೈಯಲ್ಲಿ ಹಿಡಿದಿದ್ದೆ. ಅತ್ತೆ ಇಳಿದು, ಕಾಲು ತೊಳೆದು, ಒಳಗೂ ಹೋಗದೆ ನೇರ ಕೊಟ್ಟಿಗೆಯ ಬಳಿ ಬಂದರು. ಒಂದೇ ಉಸಿರಿಗೆ ಹೇಳತೊಡಗಿದರು. ಒಂದು ಹಡಗು ಹೋಯಿತಂತೆ, ನಮ್ಮ ಬೀದಿಗೆ ಬೀದಿಯೇ ದೀಪ ಹಚ್ಚಿಕೊಂಡು ಎದ್ದು ನಡೆದಂತೆ, ಅಷ್ಟು ದೊಡ್ಡದು, ಸದ್ದೇ ಇಲ್ಲದೆ. ನೀರಿಗೆ ಆಚೆ ದಡವೇ ಇಲ್ಲವಂತೆ. ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡರಂತೆ, ನಮ್ಮ ಅಡುಗೆಮನೆಯ ಜಾಡಿಯ ಉಪ್ಪೇ ಅದು, ಅದೇ ರುಚಿ. ಇದನ್ನು ಹೇಳುವಾಗ ಅವರ ಕಣ್ಣು ತುಂಬಿತು, ನನ್ನದೂ. ಎಪ್ಪತ್ತು ದಾಟಿದ ಮುಖವೊಂದು ಹೀಗೆ ಹೊಸದಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಅವರ ದನಿ ಇಳಿಯಿತು. ಶನಿವಾರ ಸಂಜೆ ಅವರು ಕೂತಿದ್ದ ಕಲ್ಲಿನ ಬುಡಕ್ಕೆ ನೀರು ಬಂದು ಬಡಿಯುತ್ತಿತ್ತಂತೆ. ಭಾನುವಾರ ಬೆಳಗಾಗೆದ್ದು ಹೋಗಿ ನೋಡಿದರೆ ನೀರು ಹಿಂದೆ ಸರಿದು, ಕಲ್ಲಿನ ಕೆಳಗೆ ಒದ್ದೆ ಮರಳು, ಏಡಿಗಳ ಓಡಾಟ. ಯಾರೋ ಕಡಲನ್ನು ತೆಗೆದುಕೊಂಡು ಹೋದರೆಂದು ಎದೆ ಧಸಕ್ಕೆಂದಿತಂತೆ. ಬಲೆ ಸರಿಮಾಡುತ್ತಿದ್ದ ಮೀನುಗಾರನೊಬ್ಬನನ್ನು ಭುವನಾ ತಮಿಳಿನಲ್ಲಿ ಕೇಳಿದಾಗ, ಅದು ದಿನವೂ ಹೀಗೇ ಹೋಗುತ್ತದೆ, ದಿನವೂ ಮರಳಿ ಬರುತ್ತದೆ ಎಂದು ಆತ ನಕ್ಕನಂತೆ. ಅತ್ತೆ ನಂಬಲಿಲ್ಲ. ಹೊರಡುವ ಹೊತ್ತಾದರೂ ಏಳದೆ ಅಲ್ಲೇ ಕೂತರು, ಎಲ್ಲರನ್ನೂ ಕೂರಿಸಿದರು. ನೀರು ತಿರುಗಿ, ಇಷ್ಟಿಷ್ಟೇ ಮೇಲೆ ಬರತೊಡಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಎದ್ದರಂತೆ.

ಇದಿಷ್ಟು ಹೇಳಿ ಅತ್ತೆ ನನ್ನ ಮುಂದೆ ಎರಡೂ ಕೈ ಚಾಚಿದರು. ದೀಪ ಕೊಡು ಎಂದರು. ನಾನು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದೆ. ಮರಳಿ ತೆಗೆದುಕೊಳ್ಳುವಂತಿಲ್ಲ ಅಂತ ನೀವೇ ಹೇಳಿದ್ದಿರಲ್ಲ ಅತ್ತೆ, ಎಂದೆ.

"ಅಷ್ಟು ದೊಡ್ಡ ನೀರು ಓಗಿ ಓಗಿ ಬರ್ತದೆ ತಾಯಿ," ಎಂದರು ಅತ್ತೆ. "ಕೊಟ್ಟದ್ದು ತಿರುಗಿ ಬರಬಾರದು ಅಂತ ಯೋಳಿದೋರು ಯಾರೂ ಕಡಲು ನೋಡ್ದೋರಲ್ಲ."

ಹಣತೆ ನನ್ನ ಕೈಯಿಂದ ಅವರ ಕೈಗೆ ಹೋಯಿತು, ಜ್ವಾಲೆ ಒಮ್ಮೆ ಬಾಗಿ ನೆಟ್ಟಗಾಯಿತು. ಅವರು ಒಳಗೆ ನಡೆದರು. ನಾನು ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತೆ, ದನಗಳು ಬೆದರಿಯಾವೆಂದು, ಎರಡು ದನಿಯಾಯಿತೆಂದು ಹಗ್ಗ ಜಗ್ಗಿಯಾವೆಂದು. ಇರುಳಾತು, ಒರಗ್ರಿ ಎಂದರು ಅತ್ತೆ. ಕೆಂಪಿ ಅವರನ್ನು ನೋಡಿತು, ಅವರ ಹಿಂದೆ ಬಾಗಿಲಲ್ಲಿದ್ದ ನನ್ನನ್ನೂ ನೋಡಿತು, ಆಮೇಲೆ ಯಾವ ಗಲಿಬಿಲಿಯೂ ಇಲ್ಲದೆ ಮೊಣಕಾಲು ಮಡಿಸಿ ಮಲಗಿತು. ನಾವಿದ್ದೀವಿ ಎಂದು ಅತ್ತೆ ಮುಗಿಸಿದರು, ತಿರುಗಿ ನೋಡದೆಯೇ ಅದೇ ದನಿಯಲ್ಲಿ ನನಗೂ ಹೇಳಿದರು:

"ನಿಂತ್ಕೊಂಡು ಏನು ನೋಡ್ತೀಯ? ಓಗಿ ನಿನ್ನ ಸೀರೆ ಮಡಿಸಿಕೋ. ಬರೋ ಶನಿವಾರ ನಾನು ಇಲ್ಲಿರ್ತೀನಿ."

ನಾನು ಒಳಗೆ ಹೋಗಿ ಪೆಟ್ಟಿಗೆ ತೆರೆದೆ. ಸೀರೆ ಮಡಿಸಲು ಬಹಳ ಹೊತ್ತು ಹಿಡಿಯಿತು.